ಮಂಡೈಯಲ್ಲಿ ಮರಾಠಿ ಪಾಠ

ಕರ್ನಾಟಕದಿಂದ ಹೊರಟ ರಾತ್ರಿ ಬಸ್ಸುಗಳು ಬೆಳಗಿನ ಹೊತ್ತಿಗೆ ಪುಣೆಯ ಸ್ವಾರಗೇಟ್ ನಿಲ್ದಾಣ ಸೇರುತ್ತವೆ. ಕಾಲೇಜು ಆರಂಭವಾಗುವ ದಿನಗಳಲ್ಲಿ ಹಾಸಿಗೆ ಸುರುಳಿ, ರೊಟ್ಟಿಯ ಬುತ್ತಿ ಹಿಡಿದು ಇಳಿಯುವವರಲ್ಲಿ ಹುಡುಗರ ಜೊತೆ ತಾಯಂದಿರೂ ಇರುತ್ತಾರೆ. ಮೆಸ್ಸಿನ ಊಟ ಒಗ್ಗದ ಮಗನಿಗೆ ಒಂದು ವರ್ಷವಾದರೂ ಅಡಿಗೆ ಮಾಡಿ ಹಾಕೋಣವೆಂದು ಬಾಡಿಗೆ ಕೋಣೆ ಹಿಡಿಯುವವರು ಇವರು. ಗದಗಿನ ತಾಯಿಯೊಬ್ಬರು ಹೀಗೆ ಬಂದ ಮೂರನೆಯ ದಿನವೇ ಕಾಯಿಪಲ್ಯ ತರಲು ಮಗನೊಂದಿಗೆ ಮಂಡೈಗೆ ಹೋದರು.

ಸ್ವಾರಗೇಟಿನಿಂದ ಸುಮಾರು ಎರಡು ಕಿಲೋಮೀಟರು ದೂರದಲ್ಲಿ, ತುಳಶೀಬಾಗದ ಮಗ್ಗುಲಲ್ಲೇ ಮಹಾತ್ಮ ಫುಲೆ ಮಂಡೈ ಇದೆ. ನಡುವೆ ಎತ್ತರದ ಗೋಪುರ, ಅದರಿಂದ ಎಂಟು ದಿಕ್ಕಿಗೆ ಚಾಚಿದ ಎಂಟು ತೋಳುಗಳು; ಕಟ್ಟಡ ನೋಡಲು ದೊಡ್ಡ ಗಾಲಿಯಂತಿದೆ. ಮೊದಲು ಶನಿವಾರವಾಡೆಯ ಮುಂದಿನ ಬಯಲಿನಲ್ಲಿ ಕೂಡುತ್ತಿದ್ದ ಪೇಟೆಗೆ 1886ರಲ್ಲಿ ಈ ಸೂರು ಸಿಕ್ಕಿತು. ಆಗಿನ ಮುಂಬಯಿ ಗವರ್ನರರ ಹೆಸರಿನಿಂದ ಇದು ರೇ ಮಾರ್ಕೆಟ್ ಆಗಿತ್ತು. ನಗರಸಭೆಯ ಸದಸ್ಯರಾಗಿದ್ದ ಜೋತಿಬಾ ಫುಲೆಯವರು ಮಾರುಕಟ್ಟೆಗೆ ಇಷ್ಟು ಹಣ ಸುರಿಯುವುದನ್ನು ವಿರೋಧಿಸಿ, ಅದು ಶಿಕ್ಷಣಕ್ಕೆ ಸಲ್ಲಬೇಕೆಂದಿದ್ದರು. ಮುಂದೆ ಅದೇ ಕಟ್ಟಡಕ್ಕೆ ಅವರದೇ ಹೆಸರು ಬಂದಿತು. 2024ರಿಂದ ಇಲ್ಲಿಗೆ ನೆಲದೊಳಗಿನ ಮೆಟ್ರೋ ರೈಲೂ ಬರುತ್ತಿದೆ.

ಗದಗಿನ ತಾಯಿಗೆ ಮೊದಲ ದಿನ ಪೇಟೆ ಪರಕೀಯವೆನಿಸಲಿಲ್ಲ. ಉತ್ತರ ಕರ್ನಾಟಕದ ಕನ್ನಡದಲ್ಲಿ ಮರಾಠಿ ಶಬ್ದಗಳಿಗೆ ಬರವಿಲ್ಲವಲ್ಲ! ಆದರೆ ಪರಿಚಯದ ಶಬ್ದಗಳೇ ಕೈಕೊಟ್ಟವು. 'ಶೇಂಗಾ' ಎಂದು ಕೇಳಿದರೆ ಮಾರುವಾಕೆ ನುಗ್ಗೆಕಾಯಿಯ ಕಟ್ಟು ಎತ್ತಿದಳು. ಮರಾಠಿಯಲ್ಲಿ 'ಶೇಂಗ' ಎಂದರೆ ಯಾವುದೇ ಕಾಯಿಯ ಕೋಡು. ಕಾಳು ಬೇಕಾದರೆ 'ಶೇಂಗದಾಣೆ' ಎನ್ನಬೇಕು. 'ಚವಳಿ' ಎಂದಾಗ ಬಂದದ್ದು ಅಲಸಂದೆ. ಗದಗಿನ ಚವಳಿಕಾಯಿಗೆ ಅಲ್ಲಿ 'ಗವಾರ್' ಎಂದು ಹೆಸರು. ಚಿಲ್ಲರೆ ಕೇಳುತ್ತ ಮಾರುವಾಕೆ "ಸುಟ್ಟೇ ಆಹೇತ್ ಕಾ?" ಎಂದಾಗ ತಾಯಿ ಗಾಬರಿಯಾಗಿ, "ಏನ್ ಸುಟ್ಟೈತಂತೋ ಯಪ್ಪಾ?" ಎಂದು ಮಗನನ್ನು ಕೇಳಿದರು.

ನಗುವ ಸಂಗತಿ ಇಲ್ಲಿಗೆ ಮುಗಿಯಿತು. ಮರುದಿನ ಅವರು ಒಬ್ಬರೇ ಹೋದರು. ಅರ್ಧ ಕಿಲೋ ಬದನೆಕಾಯಿ ಕೇಳಿದರು. ಮಾರುವಾಕೆ ತಕ್ಕಡಿಗೆ ಇನ್ನಷ್ಟು ಹಾಕಿ, "ಪಾಊಣ್ ಆಹೇ, ರಾಹೂ ದ್ಯಾ?" ಎಂದಳು. ಮುಕ್ಕಾಲು ಕಿಲೋ ಇದೆ, ಇರಲೇ ಎಂದು ಅದರರ್ಥ. ತಿಳಿಯದೆ ತಾಯಿ ತಲೆ ಆಡಿಸಿದರು. ಮುಂದಿನ ಕಟ್ಟೆಯಲ್ಲಿಯೂ ಹಾಗೆಯೇ ಆಯಿತು. ಯಾರೂ ಮೋಸ ಮಾಡಿರಲಿಲ್ಲ, ಕೇಳಿಯೇ ಕೊಟ್ಟಿದ್ದರು. ಆದರೆ ತಂದೆ ಊರಿನಿಂದ ತಿಂಗಳಿಗೊಮ್ಮೆ ಕಳಿಸುವ ಹಣದಲ್ಲಿ ವಾರದ ಪಾಲು ಅಂದೇ ಖರ್ಚಾಯಿತು. ಆಮೇಲೆ ತಾಯಿ ಮಂಡೈ ಕಡೆ ಹೆಜ್ಜೆ ಹಾಕಲಿಲ್ಲ. ಚೀಲ ಮಗನ ಕೈಗೆ ಬಂತು. ಬೆಳಗಿನ ಪ್ರಾಕ್ಟಿಕಲ್ ಎರಡು ಸಲ ತಪ್ಪಿತು.

ಒಂದು ರಾತ್ರಿ ಮಗ ಹಳೆಯ ಕ್ಯಾಲೆಂಡರಿನ ಹಿಂಬದಿಯಲ್ಲಿ ಕನ್ನಡ ಅಕ್ಷರಗಳಲ್ಲಿ ಬರೆಯತೊಡಗಿದ. ಅವನು ಮೊದಲು ಬರೆದದ್ದು ಕಾಯಿಪಲ್ಯದ ಹೆಸರುಗಳನ್ನಲ್ಲ, ಮೂರು ತಡೆಮಾತುಗಳನ್ನು: 'ನಕೋ' ಎಂದರೆ ಬೇಡ, 'ಪುರೇ' ಎಂದರೆ ಸಾಕು, 'ಪರತ್ ಸಾಂಗಾ' ಎಂದರೆ ಇನ್ನೊಮ್ಮೆ ಹೇಳಿ. "ಕೇಳೂದು ಸುಲಭ ಅವ್ವಾ, ಅವರು ಹೇಳಿದ್ದು ತಿಳೀದಿದ್ದಾಗ ತಲಿ ಆಡಸಬಾರದು" ಎಂದ.

ಹುಡುಗನ ಮಾತು ಪರವೂರಿಗೆ ಹೋಗುವ ಎಲ್ಲರಿಗೂ ಅನ್ವಯಿಸುತ್ತದೆ. ಬೆಲೆ ಕೇಳುವ ವಾಕ್ಯವನ್ನು ಯಾರೂ ಒಂದು ನಿಮಿಷದಲ್ಲಿ ಬಾಯಿಪಾಠ ಮಾಡಬಹುದು. ಉತ್ತರ ಮಾತ್ರ ಬಾಯಿಪಾಠಕ್ಕೆ ಸಿಗುವುದಿಲ್ಲ. ತಿಳಿಯದಿದ್ದಾಗ ನಿಲ್ಲಿಸಿ ಮತ್ತೆ ಕೇಳುವುದು ತರಗತಿಯಲ್ಲಿಯೂ ಒಳ್ಳೆಯದು, ತಕ್ಕಡಿಯ ಮುಂದೆಯೂ ಒಳ್ಳೆಯದು.

ನಂತರದ ಸಾಲುಗಳಲ್ಲಿ ಲೆಕ್ಕ ಬಂತು. ಪಾವ್ ಎಂದರೆ ಕಾಲು, ಪಾಊಣ್ ಮುಕ್ಕಾಲು, ಸವ್ವಾ ಒಂದೂಕಾಲು, ದೀಡ್ ಒಂದೂವರೆ, ಅಡೀಚ್ ಎರಡೂವರೆ. ಇವು ನೂರಕ್ಕೂ ಅಂಟಿಕೊಳ್ಳುತ್ತವೆ: ದೀಡಶೆ 150, ಅಡೀಚಶೆ 250. ಹಿಂದೆ ಮರಾಠಿ ಶಾಲೆಗಳಲ್ಲಿ ಪಾವಕಿ, ದಿಡಕಿ ಎಂಬ ಭಿನ್ನರಾಶಿ ಮಗ್ಗಿಗಳನ್ನೇ ಕಲಿಸುತ್ತಿದ್ದರು. ನಮ್ಮ ಹಿರಿಯರು ಹೇಳುತ್ತಿದ್ದ ಕಾಲು, ಅರೆ, ಮುಕ್ಕಾಲಿನ ಮಗ್ಗಿಗಳೂ ಅಂಥವೇ. ಇನ್ನು ಕನ್ನಡದಲ್ಲಿ 'ಇಪ್ಪತ್ತೈದು' ಎನ್ನುವಾಗ ಇಪ್ಪತ್ತು ಮುಂದೆ, ಐದು ಹಿಂದೆ. ಮರಾಠಿಯ 'ಪಂಚವೀಸ್'ನಲ್ಲಿ ಐದು ಮೊದಲು. ಕಿವಿ ಇದಕ್ಕೆ ಹೊಂದಿಕೊಳ್ಳಲು ನಾಲ್ಕಾರು ದಿನ ಬೇಕು.

ಮರಾಠಿಯಲ್ಲಿ ಕಾಯಿಪಲ್ಯಕ್ಕೂ ಲಿಂಗಭೇದವಿದೆ. ಕೊತ್ತಂಬರಿಯಾದರೆ "ಕಶೀ ದಿಲೀ?", ಉಳ್ಳಾಗಡ್ಡಿಯಾದರೆ "ಕಸೇ ದಿಲೇ?" ಎನ್ನಬೇಕು. ಈ ಗೊಡವೆ ಬೇಡವೆನ್ನುವವರಿಗೆ "ಕೇವಢ್ಯಾಲಾ?" ಎಂಬ ಒಂದೇ ಮಾತು ಸಾಕು, ಎಷ್ಟಕ್ಕೆ ಎಂದು ಅರ್ಥ. ಕೊಡು ಎನ್ನಲು 'ದೇ', ಕೊಡಿ ಎನ್ನಲು 'ದ್ಯಾ'. ಮಾರುವವರು ಹಿರಿಯರಾದರೆ ಮಾವಶಿ, ಕಾಕಾ ಎಂದು ಕರೆಯುವುದು ರೂಢಿ. ಮಾವಶಿ ಎಂದರೆ ತಾಯಿಯ ಅಕ್ಕ ಅಥವಾ ತಂಗಿ, ನಮ್ಮ ದೊಡ್ಡವ್ವ ಇಲ್ಲವೆ ಚಿಕ್ಕವ್ವ.

ಈಗ ಕಟ್ಟೆಗಳಲ್ಲಿ ಫೋನಿನಿಂದ ಹಣ ಕೊಡುವ ಫಲಕಗಳಿವೆ. ಅಂಕಿ ಪರದೆಯ ಮೇಲೆ ಕಾಣುವಾಗ ಭಾಷೆ ಏಕೆ ಎನ್ನುವವರೂ ಇದ್ದಾರೆ. ಆದರೆ ಹಣ ಕೊಡುವುದು ಕೊನೆಯ ಕೆಲಸ. ಎಷ್ಟು ಬೇಕು, ಎಷ್ಟು ಸಾಕು ಎಂಬ ಮಾತು ಅದಕ್ಕೂ ಮೊದಲೇ ಆಗಿಹೋಗಿರುತ್ತದೆ.

ಹದಿನೈದು ದಿನ ಅಡಿಗೆ ಮನೆಯಲ್ಲಿ ಮಗನೇ ವ್ಯಾಪಾರಿ, ತಾಯಿಯೇ ಗಿರಾಕಿ. ಆಮೇಲೊಂದು ಭಾನುವಾರ ಇಬ್ಬರೂ ಮಂಡೈಗೆ ಹೋದರು. ಮಗ ಚೀಲ ಹಿಡಿದು ನಾಲ್ಕು ಹೆಜ್ಜೆ ಹಿಂದೆ ನಿಂತ. ಅದೇ ಕಟ್ಟೆ, ಅದೇ ಬದನೆಕಾಯಿ. ತಕ್ಕಡಿ ಕೆಳಗೆ ಜಗ್ಗಿತು.

"ಪಾಊಣ್ ಆಹೇ, ರಾಹೂ ದ್ಯಾ?"

"ನಕೋ ಮಾವಶಿ. ಅರ್ಧಾ ಪುರೇ."

ಮಾರುವಾಕೆ ಮರುಮಾತಿಲ್ಲದೆ ಮೂರು ಬದನೆಕಾಯಿ ತೆಗೆದು ಗುಡ್ಡೆಗೆ ಹಾಕಿದಳು. ನಂತರ "ಗಾವ್ ಕುಠಲಂ?" ಎಂದು ಊರು ಕೇಳಿದಳು. ಆ ಮಾತು ಕ್ಯಾಲೆಂಡರಿನಲ್ಲಿ ಇರಲಿಲ್ಲ. ತಾಯಿ ಹಿಂದಿರುಗಿ ಮಗನತ್ತ ನೋಡಲಿಲ್ಲ.

"ಪರತ್ ಸಾಂಗಾ" ಎಂದರು.

ಸೋಮವಾರದಿಂದ ಮಗನ ಪ್ರಾಕ್ಟಿಕಲ್ ತಪ್ಪಲಿಲ್ಲ.