ನಾಂತ್ ನಗರದ ಒಂದು ಸಂಜೆ

ಫ್ರಾನ್ಸಿನ ಲುವಾರ್ ನದೀತೀರದ ನಾಂತ್ ನಗರದಲ್ಲಿ ಮಗನ ವ್ಯಾಸಂಗ. ಮೂರು ವರ್ಷಗಳ ತರುವಾಯ ಕಾಣಹೋದಾಗ ನಮ್ಮಿಬ್ಬರ ನಡುವೆ ಮಾತು ಸರಾಗವಾಗಿ ಹರಿಯಲಿಲ್ಲ. ಡ್ಯೂಕರ ಕೋಟೆಯನ್ನು ನೋಡಿ ಕಾಫಿಗೃಹವೊಂದನ್ನು ಹೊಕ್ಕೆವು. ಅಲ್ಲಿತ್ತು 'ಬೇಬಿಫೂಟ್': 8 ಸರಳುಗಳಿಗೆ ಪೋಣಿಸಿದ 22 ಗೊಂಬೆಗಳ ಮೇಜಿನ ಕಾಲ್ಚೆಂಡು. 2022ರಲ್ಲಿ ಇದರ ವಿಶ್ವಕಪ್ ನಡೆದದ್ದು ಇದೇ ಊರಿನಲ್ಲಿ.

ಎದುರಿಗೆ ಇಬ್ಬರು ಸ್ಥಳೀಯ ತರುಣರು. ಮಗನಿಗೆ ಐದಾಳು, ಮೂರಾಳುಗಳ ಸರಳು. ನನಗೆ ಹಿಂದಿನ ಇಬ್ಬರು ರಕ್ಷಕರು ಮತ್ತು ಗೋಲ್‌ಕೀಪರ್. ಚೆಂಡು ಹೋದತ್ತ ಸರಳನ್ನು ಎಳೆದಾಡಿ ಮೊದಲ ಆಟವನ್ನು ಸೋಲಿಸಿದೆ.

"ಅಪ್ಪಾಜಿ, ಚೆಂಡಿನ ಬೆನ್ನು ಹತ್ತಬೇಡಿ. ರಕ್ಷಕನ ಹಿಂದೆಯೇ ಗೋಲ್‌ಕೀಪರ್ ಅಡಗಿದರೆ ಉಳಿದ ದಾರಿಯೆಲ್ಲ ತೆರವು. ಇಬ್ಬರನ್ನೂ ಅಕ್ಕಪಕ್ಕದ ಎರಡು ಸಂದುಗಳಲ್ಲಿ ನಿಲ್ಲಿಸಿ, ನಿಲುವನ್ನು ಆಗಾಗ ಬದಲಿಸಿ" ಎಂದ. ತಾನಾದರೋ ಮುಂಚೂಣಿಯ ಗೊಂಬೆಯ ಕಾಲಡಿ ಚೆಂಡನ್ನು ಅದುಮಿ, ಎದುರಾಳಿ ಅಲುಗುವವರೆಗೆ ಕಾದು, ತೆರೆದ ಸಂದಿಗೆ ಹೊಡೆಯುತ್ತಿದ್ದ. ಐದಾಳಿನ ಸರಳಿನಲ್ಲಿ ಚೆಂಡನ್ನು 10 ಸೆಕೆಂಡು ಮೀರಿ ಹಿಡಿಯುವಂತಿಲ್ಲ. ಸರಳನ್ನು ಗಿರ್ರನೆ ತಿರುಗಿಸುವುದಂತೂ ನಿಷಿದ್ಧ. (ನಾನು ಬಲ್ಲ ಏಕೈಕ ವಿದ್ಯೆ ಅದೇ!)

ಮೂರನೆಯ ಆಟದಲ್ಲಿ ಚೆಂಡನ್ನು ತಡೆದು ಅವನ ಗೊಂಬೆಗೆ ದಾಟಿಸಿದೆ. ಅವನು ಗೋಲು ಹೊಡೆದ. ಕೋಣೆಗೆ ಮರಳುವ ದಾರಿಯುದ್ದಕ್ಕೂ ಅವನೇ ಮಾತನಾಡಿದ.