ನಿವೃತ್ತ ನೌಕಾಧಿಪತಿ

ನಮ್ಮ ಚನ್ನಪಟ್ಟಣ ಸೀಮೆಯವರಿಗೆ ದೊಡ್ಡ ನೀರೆಂದರೆ ಕಣ್ವ ಜಲಾಶಯ. ಅದರ ಏರಿಯ ಮೇಲೆ ನಿಂತು ನೌಕಾಧಿಕಾರಿಯಾಗುವ ಕನಸು ಕಂಡವನು ಬಹುಶಃ ನಾನೊಬ್ಬನೇ ಇರಬೇಕು. ಕಾಲೇಜಿನ ಪ್ರವಾಸದಲ್ಲಿ ಕಾರವಾರದ ಕಡಲನ್ನು ಮೊದಲ ಸಲ ಕಂಡೆ. ಅಲ್ಲಿ ‘ಚಪಲ’ ಎಂಬ ಹಳೆಯ ಯುದ್ಧನೌಕೆಯನ್ನು ದಡಕ್ಕೇರಿಸಿ ವಸ್ತುಸಂಗ್ರಹಾಲಯ ಮಾಡಿದ್ದಾರೆ. ಸೇವೆ ಮುಗಿದ ಹಡಗಿಗೆ ಈ ಗತಿಯಾದರೆ ಸೇವೆ ಮುಗಿದ ನಾವಿಕನಿಗೆ ಯಾವ ಗತಿ ಎಂಬ ಯೋಚನೆ ಅಂದೇ ತಲೆಹೊಕ್ಕಿತು.

ಕಾರವಾರದ ನೌಕಾನೆಲೆ ಮೊದಲು ರೂಪುಗೊಂಡದ್ದು ಅಡ್ಮಿರಲ್ ಆಸ್ಕರ್ ಸ್ಟ್ಯಾನ್ಲಿ ಡಾಸನ್ ಅವರ ಮನಸ್ಸಿನಲ್ಲಿ ಎಂದು ನಮ್ಮ ಅಧ್ಯಾಪಕರು ಹೇಳಿದರು. ಊರಿಗೆ ಬಂದು ಅವರ ವಿಚಾರ ಹುಡುಕಿ ಓದಿದೆ. 1923ರಲ್ಲಿ ಬರ್ಮಾದಲ್ಲಿ ಹುಟ್ಟಿ, ಎರಡನೆಯ ಮಹಾಯುದ್ಧದ ಕಾಲದಲ್ಲಿ ನೌಕಾಪಡೆ ಸೇರಿ, 1982ರ ಮಾರ್ಚಿನಿಂದ 1984ರ ನವೆಂಬರ್‌ವರೆಗೆ ಅದರ ಮುಖ್ಯಸ್ಥರಾಗಿದ್ದವರು ಅವರು. ನೆಲೆಗೆ ಅಡಿಗಲ್ಲು ಬಿದ್ದದ್ದು 1986ರಲ್ಲಿ. ‘ಕದಂಬ’ ಎಂಬ ಹೆಸರಿನಿಂದ ಅದು ಸೇವೆಗೆ ಬಂದದ್ದು 2005ರಲ್ಲಿ. ಆ ಹೊತ್ತಿಗೆ ಡಾಸನ್ನರಿಗೆ 81 ವರ್ಷ. ಆ ನೆಲೆಗಾಗಿ ಸಾವಿರಾರು ಕುಟುಂಬಗಳು ಮನೆ, ಗದ್ದೆ, ಬಲೆ ಬೀಸುವ ದಡ ಬಿಟ್ಟು ಏಳಬೇಕಾಯಿತು; ಪರಿಹಾರದ ವ್ಯಾಜ್ಯಗಳು ದಶಕಗಳ ಕಾಲ ನಡೆದವು. ಒಕ್ಕಲುಮಗನಾದ ನನಗೆ ಈ ಮಾತನ್ನು ಬಿಟ್ಟು ಮುಂದಕ್ಕೆ ಹೋಗಲು ಮನಸ್ಸು ಬಾರದು.

ಒಂದು ರಾತ್ರಿ ಇದನ್ನೆಲ್ಲ ಅಪ್ಪನಿಗೆ ಹೇಳಿದೆ. ಅಪ್ಪ ಓದಿದವನಲ್ಲ, ಆದರೆ ಕೇಳುವ ಪ್ರಶ್ನೆ ನೇರ.

“ಕೆಲ್ಸ ಬಿಟ್ಮೇಲೆ ಆವಯ್ಯ ಏನ್ ಮಾಡ್ದ?”

“ನ್ಯೂಜಿಲೆಂಡಿನಲ್ಲಿ ನಮ್ಮ ದೇಶದ ಹೈಕಮಿಷನರ್ ಆಗಿದ್ದರು.” ಅದೇ ಕಾಲಕ್ಕೆ ಆ ದೇಶದವರು ನಮ್ಮಲ್ಲಿಗೆ ಎವರೆಸ್ಟ್ ಹತ್ತಿದ ಹಿಲರಿಯವರನ್ನು ಕಳಿಸಿದ್ದರು. ಕಡಲಿನವರು ಅತ್ತ, ಬೆಟ್ಟದವರು ಇತ್ತ! “ಆಮೇಲೆ ಬೆಂಗಳೂರಿನಲ್ಲೇ ನೆಲೆಸಿ 2011ರಲ್ಲಿ ತೀರಿಕೊಂಡರು.”

ಅಪ್ಪನಿಗೆ ಇದು ರುಚಿಸಲಿಲ್ಲ. ಆಗ ಅಡ್ಮಿರಲ್ ರಾಮದಾಸರ ಕತೆ ತೆಗೆದೆ. 1971ರ ಯುದ್ಧದಲ್ಲಿ ವೀರಚಕ್ರ ಪಡೆದವರು. 1993ರಲ್ಲಿ ನೌಕಾಪಡೆಯ ಮುಖ್ಯಸ್ಥರಾಗಿ ನಿವೃತ್ತರಾಗಿ ಅಲಿಬಾಗಿನ ಹತ್ತಿರ ಬೇಸಾಯ ಹಿಡಿದರು. ಭಾರತ–ಪಾಕಿಸ್ತಾನಗಳ ಜನರ ನಡುವೆ ಶಾಂತಿಗಾಗಿ ದುಡಿದು 2004ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಪಡೆದರು. ಅಪ್ಪ ನಕ್ಕ.

“ಬೇಸಾಯಕ್ಕೇ ಬರೋದಾದ್ರೆ ಅಷ್ಟ್ ದೂರ ಹೋಗ್ಬೇಕಾಗಿತ್ತೇನ್ಲಾ?”

ನಾನೂ ನಕ್ಕೆ. ಆದರೆ ಒಂದು ಮಾತನ್ನು ಮುಚ್ಚಿಟ್ಟಿದ್ದೆ. ಪದವಿ ಮುಗಿಸಿದವರು ಬರೆಯುವ ಸಂಯುಕ್ತ ರಕ್ಷಣಾ ಸೇವಾ ಪರೀಕ್ಷೆಯಲ್ಲಿ ನೌಕಾ ಅಕಾಡೆಮಿಗೆ ಎಂಜಿನಿಯರಿಂಗ್ ಪದವಿ ಬೇಕು, ಬಿ.ಎ. ಓದಿದವನಿಗೆ ತೆರೆದಿರುವುದು ಭೂಸೇನೆಯ ಬಾಗಿಲು. ನಮ್ಮ ಮನೆಯಿಂದ ಕಾಲೇಜಿನ ಮೆಟ್ಟಿಲು ಹತ್ತಿದವನು ನಾನೇ ಮೊದಲಿಗ. ಪಿ.ಯು.ಸಿ.ಗೆ ಕಲಾ ವಿಭಾಗ ಆರಿಸಿಕೊಂಡ ದಿನ ಇದನ್ನು ತಿಳಿಸುವವರು ಮನೆಯಲ್ಲಿ ಯಾರಿದ್ದರು? ಈಚೆಗೆ ಅರ್ಜಿಯ ನಿಯಮ ಓದುವಾಗಲಷ್ಟೇ ನನಗೂ ತಿಳಿಯಿತು.

ಕೊನೆಗೆ ಹೇಳಿಯೇಬಿಟ್ಟೆ. ಅಪ್ಪ ಬಹಳ ಹೊತ್ತು ಸುಮ್ಮನಿದ್ದು, “ಭೂಸೇನೆ ಅಂದ್ರೆ ನೆಲದ್ ಮ್ಯಾಗಿನ್ದೇ ಅಲ್ವಾ? ಅರ್ಜಿ ಹಾಕು” ಎಂದ. ಮನೆಯಲ್ಲಿ ಹುಳು ನಾಲ್ಕನೆಯ ಜ್ವರದಿಂದ ಎದ್ದಿತ್ತು. ಬೆಳಗಾಗುವ ಮೊದಲೇ ಇಬ್ಬರೂ ಸೊಪ್ಪು ಕೊಯ್ಯಲು ತೋಟಕ್ಕೆ ಹೋದೆವು.