ನಲ್ಲಿಯ ಜಾಡು

ನಾನು ಹೈದರಾಬಾದಿನಲ್ಲಿ ಆರೋಗ್ಯ ನಿರೀಕ್ಷಕನಾಗಿ ಸೇರಿದ ಕಾಲಕ್ಕೆ ವಾಂತಿ-ಭೇದಿಯ ಸುದ್ದಿ ನಮಗೆ ಎಷ್ಟೋ ಸಲ ಪೇಪರಿನಿಂದಲೇ ತಿಳಿಯುತ್ತಿತ್ತು. ನಲ್ಲಕುಂಟಾದ ಫೀವರ್ ಆಸ್ಪತ್ರೆಯಲ್ಲಿ (ಹಳಬರಿಗೆ ಅದು ಈಗಲೂ ಕೊರಂಟಿ ದವಾಖಾನೆಯೇ) ಹಾಸಿಗೆ ತುಂಬಿದ ಮೇಲೆ ನಾವು ಬ್ಲೀಚಿಂಗ್ ಪೌಡರ್ ಹಿಡಿದು ಬಸ್ತಿಗೆ ಹೊರಡುತ್ತಿದ್ದೆವು. ರಿಜಿಸ್ಟರಿನಲ್ಲಿ ರೋಗಿಗಳ ಸಂಖ್ಯೆ ಇರುತ್ತಿತ್ತು. ಯಾವ ಗಲ್ಲಿಯವರು, ಯಾವ ನಲ್ಲಿಯ ನೀರು ಕುಡಿದರು ಎಂಬುದು ಇರುತ್ತಿರಲಿಲ್ಲ. 1897ರಲ್ಲಿ ರೊನಾಲ್ಡ್ ರಾಸ್ ಸೊಳ್ಳೆಯ ಹೊಟ್ಟೆಯಲ್ಲಿ ಮಲೇರಿಯಾದ ಜಾಡು ಹಿಡಿದದ್ದು ಇಲ್ಲೇ ಬೇಗಂಪೇಟೆಯಲ್ಲಿ. ಆ ವಿದ್ಯೆ ವಾರ್ಡಿನ ನೌಕರರವರೆಗೆ ಬಂದಿರಲಿಲ್ಲ, ಅಷ್ಟೆ.

2004ರಲ್ಲಿ ರೋಗಗಳ ಮೇಲೆ ಕಣ್ಣಿಡುವ ಕೇಂದ್ರದ ಐಡಿಎಸ್‌ಪಿ ಯೋಜನೆ ಶುರುವಾಯಿತು. ಆಗ ವಾರಕ್ಕೊಮ್ಮೆ ಮೂರು ಫಾರಂ: ಲಕ್ಷಣ ನೋಡಿ ಆರೋಗ್ಯ ಕಾರ್ಯಕರ್ತೆ (ಎಎನ್‌ಎಂ) ತುಂಬುವ ಎಸ್, ಡಾಕ್ಟರರ ಪಿ, ಲ್ಯಾಬಿನ ಎಲ್. ಫಾರಂ ಬಂದಷ್ಟು ಬೇಗ ಅದನ್ನು ಓದುವವರು ಬರಲಿಲ್ಲ. 2009ರ ಮೇ ತಿಂಗಳಲ್ಲಿ ನಗರದ ಭೋಲಕ್‌ಪುರದಲ್ಲಿ ಕೊಳಚೆ ಬೆರೆತ ನಲ್ಲಿ ನೀರು ಕುಡಿದು ಜನ ಸತ್ತರು. ಆ ಸಂಕಟ ನನ್ನನ್ನು ಬಿಟ್ಟಿಲ್ಲ.

ಮುಂದೊಂದು ಮಳೆಗಾಲ, ಮೂಸಿ ನದಿ ದಂಡೆಯ ಬಸ್ತಿಗೆ ನಮ್ಮ ಜೊತೆ ಎಪಿಡೆಮಿಯಾಲಜಿ ತರಬೇತಿ ಮುಗಿಸಿದ ಯುವ ಡಾಕ್ಟರಮ್ಮ ಬಂದರು. ಪೌಡರ್ ಚೀಲ ಇಳಿಸುವ ಮೊದಲೇ ಮನೆಮನೆಯ ಲೈನ್ ಲಿಸ್ಟ್ ಶುರು: ಹೆಸರು, ವಯಸ್ಸು, ಭೇದಿ ಹತ್ತಿದ ದಿನ, ಹೊತ್ತು. "ಖಾಲಾ, ಪಾನಿ ಕಾಂ ಸೇ ಲಾತೇ?" (ನೀರು ಎಲ್ಲಿಂದ ತರುತ್ತೀರಿ) ಎಂದು ಅವರು ಕೇಳಿದ್ದು ಕಾಯಿಲೆ ಬಿದ್ದವರನ್ನಷ್ಟೇ ಅಲ್ಲ, ಪಕ್ಕದ ಮನೆಯಲ್ಲಿ ಗಟ್ಟಿಮುಟ್ಟಾಗಿದ್ದವರನ್ನೂ. ಅವರನ್ನೇಕೆ ಕೇಳಬೇಕು ಎಂದೆ. "ಅವರು ಬೇರೆ ನೀರು ಕುಡಿದಿದ್ದರೆ ನಮಗೆ ಉತ್ತರ ಸಿಕ್ಕಿದ ಹಾಗೇ, ಸರ್" ಎಂದರು. ಕೈಯಲ್ಲಿ ಬರೆದ ನಕ್ಷೆಯ ಮೇಲೆ ಚುಕ್ಕಿ ಇಡುತ್ತಾ ಹೋದಂತೆ ಅವೆಲ್ಲ ಮೋರಿ ದಾಟುವ ಒಂದೇ ಪೈಪಿನ ಗುಂಟ ಸೇರಿದವು. ಪೈಪ್ ಬಂದ್ ಮಾಡಿಸಿ, ಟ್ಯಾಂಕರ್ ತರಿಸಿದೆವು. ಕೆಲವೇ ದಿನಗಳಲ್ಲಿ ಹೊಸ ರೋಗಿಗಳು ಬರುವುದು ನಿಂತಿತು.

ಇಂಥ ವಿದ್ಯೆ ಕಲಿಸಲು ನಗರದಲ್ಲಿ 2008ರಲ್ಲೇ ಭಾರತೀಯ ಸಾರ್ವಜನಿಕ ಆರೋಗ್ಯ ಸಂಸ್ಥೆ ತೆರೆದಿತ್ತು. 2012ರಲ್ಲಿ ದಿಲ್ಲಿಯ ರಾಷ್ಟ್ರೀಯ ರೋಗ ನಿಯಂತ್ರಣ ಕೇಂದ್ರ (ಎನ್‌ಸಿಡಿಸಿ) ರೋಗದ ಮೂಲ ಪತ್ತೆಹಚ್ಚುವ ಎರಡು ವರ್ಷದ ಇಐಎಸ್ ತರಬೇತಿ ಆರಂಭಿಸಿತು. ನನಗೆ ಹೆಚ್ಚು ಮೆಚ್ಚಾದದ್ದು ಕೆಳಹಂತದ ಸಿಬ್ಬಂದಿಗಾಗಿ ಬಂದ ಮೂರು ತಿಂಗಳ ತರಬೇತಿ. ಅದರಲ್ಲಿ ಕಲಿಯುವವರು ತಮ್ಮದೇ ಜಿಲ್ಲೆಯ ರೋಗ ವರದಿ ಹಿಡಿದು ತಪ್ಪು ಹುಡುಕುತ್ತಾರೆ.

ಆದರೆ ಐಡಿಎಸ್‌ಪಿಯ ಎಪಿಡೆಮಿಯಾಲಜಿಸ್ಟ್ ಹುದ್ದೆಗಳಲ್ಲಿ ಬಹಳಷ್ಟು ಗುತ್ತಿಗೆಯವು. ಆ ಡಾಕ್ಟರಮ್ಮನೂ ಕಾಯಂ ನೌಕರಿ ಸಿಕ್ಕಿದ್ದೇ ಬೇರೆಡೆಗೆ ಹೋದರು. ಆ ಬಸ್ತಿಗಳ ಪರಿಚಯವೂ ಅವರ ಜೊತೆಗೇ ಹೋಯಿತು. ಕಲಿತವರನ್ನು ಜಿಲ್ಲೆಯಲ್ಲೇ ಉಳಿಸಿಕೊಳ್ಳಲು ಸರಕಾರ ಈ ಹುದ್ದೆಗಳನ್ನು ಕಾಯಂ ಮಾಡಲೇಬೇಕು.